ವೂಚ್ ಚಲನಚಿತ್ರ ವಸ್ತುಸಂಗ್ರಹಾಲಯ

ಪೋಲೆಂಡಿನ ಸಿನಿಮಾ ಚರಿತ್ರೆಗೆ ಮೀಸಲಾದ ವಸ್ತುಸಂಗ್ರಹಾಲಯ ಮತ್ತು ಸಂಸ್ಕೃತಿ ಕೇಂದ್ರ. ದೇಶದ ನಡುಭಾಗದ ವೂಚ್ ನಗರದಲ್ಲಿ, ಹತ್ತೊಂಬತ್ತನೆಯ ಶತಮಾನದ ಹತ್ತಿ ಗಿರಣಿ ಮಾಲೀಕ ಕಾರ್ಲ್ ಶೈಬ್ಲರನ ಮಹಲಿನಲ್ಲಿದೆ. 1976ರಲ್ಲಿ ನಗರದ ಇತಿಹಾಸ ವಸ್ತುಸಂಗ್ರಹಾಲಯದ ಸಿನಿಮಾ ವಿಭಾಗವಾಗಿ ಆರಂಭವಾಗಿ 1986ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಊರಿನ ಹೆಸರನ್ನು ರೋಮನ್ ಅಕ್ಷರದಲ್ಲಿ ಕಂಡು ‘ಲೋಡ್ಜ್’ ಎಂದು ಓದುವವರೇ ಹೆಚ್ಚು. ಪೋಲಿಷರ ಬಾಯಲ್ಲಿ ಅದು ವೂಚ್, ಅರ್ಥ ದೋಣಿ.

ಇಂಥ ಸಂಗ್ರಹಾಲಯ ರಾಜಧಾನಿ ವಾರ್ಸಾದಲ್ಲಿ ಇರದೆ ಇಲ್ಲಿಗೆ ಬಂದದ್ದೇಕೆ ಎಂಬುದನ್ನು ತಿಳಿಯಲು ಊರಿನ ಕಥೆಯಿಂದಲೇ ಹೊರಡಬೇಕು. 1820ರ ಸುಮಾರಿಗೆ ವೂಚ್‌ನಲ್ಲಿ ಸಾವಿರ ಜನರೂ ಇರಲಿಲ್ಲ. ಶತಮಾನ ಮುಗಿಯುವಷ್ಟರಲ್ಲಿ ಮೂರು ಲಕ್ಷ ಜನ ತುಂಬಿಕೊಂಡಿದ್ದರು. ಎಲ್ಲವೂ ನೂಲು ಮತ್ತು ಬಟ್ಟೆಯ ಮಹಿಮೆ. ಪೋಲಿಷರು, ಜರ್ಮನರು, ಯಹೂದಿಗಳು ಒಂದೇ ಊರಿನಲ್ಲಿ ಗಿರಣಿ ಕಟ್ಟಿದರು, ಗಿರಣಿಯಲ್ಲಿ ದುಡಿದರು. ಆಳುತ್ತಿದ್ದದ್ದು ರಷ್ಯಾದ ಜ಼ಾರ್. ಜರ್ಮನಿಯ ಮೊನ್‌ಶೌ ಊರಿನಿಂದ ಬಂದ ಶೈಬ್ಲರ್ (1820–1881) ಇವರಲ್ಲೆಲ್ಲ ದೊಡ್ಡ ಕುಳ. ಕ್ಷೆಂಜಿ ಮ್ವಿನ್ ಎಂಬಲ್ಲಿ ಆತ ಕಟ್ಟಿಸಿದ ಕೆಂಪು ಇಟ್ಟಿಗೆಯ ನೂಲಿನ ಗಿರಣಿಯ ಉದ್ದ 200 ಮೀಟರಿಗೂ ಹೆಚ್ಚು. ಸುತ್ತ ಕಾರ್ಮಿಕರ ವಠಾರಗಳು, ಶಾಲೆ, ಆಸ್ಪತ್ರೆ. ಮಾಲೀಕನ ಮಹಲು ಜ್ರುದ್ಲಿಸ್ಕಾ ಉದ್ಯಾನದ ಅಂಚಿನಲ್ಲಿತ್ತು.

ದುಡಿಯುವ ಜನ ಕಿಕ್ಕಿರಿದ ಊರಿಗೆ ಸಿನಿಮಾ ಬೇಗ ಬಂತು. ಪೋಲಿಷ್ ನೆಲದಲ್ಲಿ ಲ್ಯೂಮಿಯೇರ್ ಸಹೋದರರ ಯಂತ್ರದ ಮೊದಲ ಪ್ರದರ್ಶನ ನಡೆದದ್ದು 1896ರ ನವೆಂಬರಿನಲ್ಲಿ, ಕ್ರಾಕೊವ್‌ನ ನಾಟಕಶಾಲೆಯಲ್ಲಿ. ಮೂರೇ ವರ್ಷಕ್ಕೆ, 1899ರಲ್ಲಿ, ಕ್ಶೆಮಿನ್‌ಸ್ಕಿ ಸಹೋದರರು ವೂಚ್‌ನ ಪ್ಯೊತ್ರ್ಕೋವ್‌ಸ್ಕಾ ಬೀದಿಯಲ್ಲಿ ಚಿತ್ರಮಂದಿರ ತೆರೆದರು. ಪೋಲಿಷ್ ನೆಲದ ಮೊದಲ ಕಾಯಂ ಚಿತ್ರಮಂದಿರವೆಂದು ಅದಕ್ಕೆ ಹೆಸರು. ವಾರ್ಸಾದ ಕಾಜಿಮೀರ್ ಪ್ರುಶಿನ್‌ಸ್ಕಿ 1894ರಲ್ಲೇ ‘ಪ್ಲಿಯೊಗ್ರಾಫ್’ ಎಂಬ ಸ್ವಂತ ಕ್ಯಾಮೆರಾದ ಕೆಲಸ ಆರಂಭಿಸಿದ್ದ. ಮುಂದೆ ಆತ ರೂಪಿಸಿದ ‘ಏರೊಸ್ಕೋಪ್’ಗೆ ಹಿಡಿ ತಿರುಗಿಸುವ ತಾಪತ್ರಯವಿರಲಿಲ್ಲ, ಪಂಪಿನಿಂದ ತುಂಬಿದ ಒತ್ತಡದ ಗಾಳಿಯೇ ರೀಲು ಓಡಿಸುತ್ತಿತ್ತು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ನುಗ್ಗಬಹುದಾಯಿತು. ಮೊದಲ ಮಹಾಯುದ್ಧದ ರಣರಂಗದಲ್ಲೂ ಅದು ಕೆಲಸ ಮಾಡಿತು. ಅದನ್ನು ಕಂಡುಹಿಡಿದವನು 1945ರಲ್ಲಿ ಮೌತ್‌ಹೌಸನ್ ನಾಜಿ ಶಿಬಿರದಲ್ಲಿ ಸತ್ತ.

ಇನ್ನೊಬ್ಬ ಪೋಲಿಷನ ಹೆಸರು ಹೇಳದೆ ಈ ಸಂಗ್ರಹಾಲಯದ ಮಾತು ಪೂರ್ತಿಯಾಗದು. ಛಾಯಾಗ್ರಾಹಕ ಬೊಲೆಸ್ವಾವ್ ಮಾತುಷೆವ್‌ಸ್ಕಿ 1898ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಸಣ್ಣ ಪುಸ್ತಿಕೆ ಅಚ್ಚು ಹಾಕಿಸಿದ. ಸಿನಿಮಾ ಚರಿತ್ರೆಯ ಹೊಸ ಆಕರ, ರೀಲುಗಳನ್ನು ಪುಸ್ತಕಗಳಂತೆ ಕೂಡಿಟ್ಟು ಕಾಪಾಡಬೇಕು ಎಂಬುದು ಅವನ ವಾದ. ಆಗ ಸಿನಿಮಾಕ್ಕೆ ಮೂರು ವರ್ಷ ವಯಸ್ಸು. ಜಾತ್ರೆಯ ತಮಾಷೆ ಎಂದೇ ಜನ ತಿಳಿದಿದ್ದ ಕಾಲ. ಅಂಥ ಹೊತ್ತಿನಲ್ಲಿ ಇಷ್ಟು ದೂರ ಕಂಡ ಮನುಷ್ಯನಿಗೆ ಇಂದಿನ ಎಲ್ಲ ಚಲನಚಿತ್ರ ಭಂಡಾರಗಳೂ ಋಣಿ.

ಎರಡನೆಯ ಮಹಾಯುದ್ಧಕ್ಕೆ ಮೊದಲು ಪೋಲಿಷ್ ಸಿನಿಮಾದ ಕೇಂದ್ರ ವಾರ್ಸಾವೇ ಆಗಿತ್ತು. ನಾಜಿಗಳ ಆಕ್ರಮಣ ಅದೆಲ್ಲವನ್ನೂ ಮುಗಿಸಿತು. ಚಿತ್ರಮಂದಿರಕ್ಕೆ ಕಾಲಿಡಬೇಡಿ, ನೀವು ಕೊಡುವ ಟಿಕೆಟ್ ಹಣ ಶತ್ರುವಿನ ಯುದ್ಧಕ್ಕೆ ಹೋಗುತ್ತದೆ ಎಂದು ಭೂಗತ ಚಳವಳಿ ಜನರಿಗೆ ಹೇಳುತ್ತಿತ್ತು. ವೂಚ್‌ನ ಹೆಸರನ್ನೇ ಜರ್ಮನರು ಲಿಟ್ಸ್‌ಮನ್‌ಸ್ಟಾಟ್ ಎಂದು ಬದಲಿಸಿದರು. ಊರಿನ ಒಂದು ಭಾಗಕ್ಕೆ ಬೇಲಿ ಬಿಗಿದು ಯಹೂದಿಗಳನ್ನು ಕೂಡಿಹಾಕಿದರು. 1940ರಿಂದ 1944ರವರೆಗೆ ಆ ಗೆಟ್ಟೊದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದರು. ಬದುಕಿ ಉಳಿದವರು ಕೆಲವೇ ಸಾವಿರ. ಗಿರಣಿಗಳು ನಿಂತಿದ್ದವು, ಅವುಗಳನ್ನು ಕಟ್ಟಿದ ಸಮಾಜದ ದೊಡ್ಡ ಭಾಗವೇ ಇಲ್ಲವಾಗಿತ್ತು.

1945ರಲ್ಲಿ ವಾರ್ಸಾ ಕಲ್ಲು ಮಣ್ಣಿನ ರಾಶಿ. ವೂಚ್‌ನಲ್ಲಿ ಕಟ್ಟಡಗಳಿದ್ದವು, ವಿದ್ಯುತ್ತಿತ್ತು, ರಾಜಧಾನಿಯಿಂದ ದೂರವೂ ಹೆಚ್ಚಲ್ಲ. ಸಿನಿಮಾ ಇಲ್ಲಿಗೆ ಬಂದದ್ದಕ್ಕೆ ಇಷ್ಟೇ ಕಾರಣ. ವೊಂಕೋವಾ ಬೀದಿಯ ಒಂದು ಕ್ರೀಡಾ ಸಭಾಂಗಣ ಸ್ಟುಡಿಯೊ ಆಯಿತು. ಯುದ್ಧಾನಂತರದ ಮೊದಲ ಕಥಾಚಿತ್ರ, ಲಿಯೊನಾರ್ಡ್ ಬುಚ್‌ಕೋವ್‌ಸ್ಕಿಯ ‘ನಿಷೇಧಿತ ಹಾಡುಗಳು’, 1947ರ ಜನವರಿಯಲ್ಲಿ ತೆರೆ ಕಂಡಿತು. ಆಕ್ರಮಿತ ವಾರ್ಸಾದ ಬೀದಿಗಳಲ್ಲಿ ಜನ ಹಾಡುತ್ತಿದ್ದ ಹಾಡುಗಳೇ ಅದರ ಜೀವಾಳ. ಮರುವರ್ಷ ತಾರ್ಗೋವಾ ಬೀದಿಯಲ್ಲಿ, ಇನ್ನೊಬ್ಬ ಗಿರಣಿ ಮಾಲೀಕ ಓಸ್ಕರ್ ಕೋನ್‌ನ ಮಹಲಿನಲ್ಲಿ, ಚಲನಚಿತ್ರ ಶಾಲೆ ಬಾಗಿಲು ತೆರೆಯಿತು. ಚಿತ್ರ ಇತಿಹಾಸಕಾರ ಯೆಜಿ ತೋಪ್ಲಿಟ್ಸ್ ಅದನ್ನು ಬೆಳೆಸಿದ. ಆಂದ್ಜೆ ವೈದಾ, ಆಂದ್ಜೆ ಮುಂಕ್, ರೊಮಾನ್ ಪೊಲಾನ್‌ಸ್ಕಿ, ಕ್ರಿಶ್ತೋಫ್ ಜನೂಸಿ, ಕ್ರಿಶ್ತೋಫ್ ಕೀಸ್ಲೋವ್‌ಸ್ಕಿ ಅಲ್ಲಿ ಓದಿದವರು. ಸುತ್ತಲಿನ ದಣಿದ ಗಿರಣಿ ಊರೇ ಅವರಿಗೆ ಎರಡನೆಯ ಶಾಲೆಯಾಯಿತು. ಕೀಸ್ಲೋವ್‌ಸ್ಕಿಯ ಆರಂಭದ ಸಾಕ್ಷ್ಯಚಿತ್ರವೊಂದಕ್ಕೆ ‘ವೂಚ್ ಊರಿನಿಂದ’ ಎಂದೇ ಹೆಸರು.

ಮೂರು ದಶಕ ಹೀಗೆ ಸಾಗಿದ ಮೇಲೆ ಹಳೆಯ ಕ್ಯಾಮೆರಾ, ಪ್ರೊಜೆಕ್ಟರು, ರೇಖಾಚಿತ್ರ, ಪೋಸ್ಟರುಗಳನ್ನು ಕಾಪಿಡುವ ಯೋಚನೆ ಬಂದದ್ದು ಸಹಜ. ಪೋಲೆಂಡಿನ ರೀಲುಗಳ ರಾಷ್ಟ್ರೀಯ ಭಂಡಾರ 1955ರಿಂದಲೇ ವಾರ್ಸಾದಲ್ಲಿತ್ತು. ಆದ್ದರಿಂದ ವೂಚ್‌ನ ಸಂಗ್ರಹ ಮುಖ್ಯವಾಗಿ ರೀಲಿನ ಸುತ್ತಲಿನ ಬದುಕಿನದು: ಸಿನಿಮಾ ಹುಟ್ಟಿಸಿದ ಕೈಗಳದು, ಉಪಕರಣಗಳದು.

ಮಹಲಿಗೂ ಸಿನಿಮಾಕ್ಕೂ ನಂಟು ಸಂಗ್ರಹಾಲಯಕ್ಕಿಂತ ಹಳೆಯದು. ನೊಬೆಲ್ ಪಡೆದ ಲೇಖಕ ವ್ವಾದಿಸ್ವಾವ್ ರೈಮಾಂಟ್‌ನ ಕಾದಂಬರಿಯನ್ನು ವೈದಾ 1975ರಲ್ಲಿ ‘ವಾಗ್ದತ್ತ ಭೂಮಿ’ಯಾಗಿ ತೆರೆಗೆ ತಂದ. ಒಬ್ಬ ಪೋಲಿಷ್, ಒಬ್ಬ ಜರ್ಮನ್, ಒಬ್ಬ ಯಹೂದಿ, ಮೂವರು ಗೆಳೆಯರು ಕೂಡಿ ವೂಚ್‌ನಲ್ಲಿ ಗಿರಣಿ ಕಟ್ಟುವ ಕಥೆ ಅದು. ಹಣದ ಹಸಿವು ಮನುಷ್ಯರನ್ನು ಏನು ಮಾಡುತ್ತದೆ ಎಂಬುದನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಚಿತ್ರಗಳು ಕಡಿಮೆ. ಅದರಲ್ಲಿ ಮುದಿ ಗಿರಣಿ ಮಾಲೀಕ ಮ್ಯೂಲರ್ ತನ್ನ ವೈಭವದ ಮಹಲನ್ನು ಅತಿಥಿಗೆ ಕೋಣೆ ಕೋಣೆಯಾಗಿ ತೋರಿಸುತ್ತಾನೆ. ಸಿರಿವಂತನಿಗೆ ಮಹಲು ಇರಬೇಕು, ಹಾಗಾಗಿ ಕಟ್ಟಿಸಿದ್ದಾನೆ. ಆ ದೃಶ್ಯ ತೆಗೆದದ್ದು ಶೈಬ್ಲರನ ಈ ಮಹಲಿನಲ್ಲೇ. ಇಂದು ಒಳಗೆ ಬರುವವರು ಕೆತ್ತನೆಯ ಮರದ ಚೌಕಟ್ಟುಗಳನ್ನೂ, ಕನ್ನಡಿಗಳನ್ನೂ, ವೆನಿಸ್ಸಿನ ಸಾಲ್ವಿಯಾಟಿ ಕಾರ್ಯಾಗಾರದ ಮೊಸಾಯಿಕ್ಕನ್ನೂ ನೋಡುವಾಗ ಒಬ್ಬ ಧನಿಕನ ಮನೆಯನ್ನೂ ಒಂದು ಸಿನಿಮಾದ ಸೆಟ್ಟನ್ನೂ ಒಟ್ಟಿಗೇ ನೋಡುತ್ತಾರೆ.

ಸಂಗ್ರಹದಲ್ಲಿ ಬಹುಮಂದಿಯನ್ನು ಹಿಡಿದು ನಿಲ್ಲಿಸುವುದು ‘ಫೋಟೊಪ್ಲಾಸ್ಟಿಕಾನ್’. ಮರದ ದೊಡ್ಡ ದುಂಡು ಪೆಟ್ಟಿಗೆ. ಸುತ್ತಲೂ ಕುರ್ಚಿಗಳು, ಪ್ರತಿ ಕುರ್ಚಿಯೆದುರು ಒಂದು ಜೊತೆ ಮಸೂರ. ಕಣ್ಣಿಟ್ಟರೆ ಗಾಜಿನ ಮೇಲಿನ ಜೋಡಿ ಛಾಯಾಚಿತ್ರಗಳು ಒಂದಾಗಿ, ಬೀದಿಯ ಮನುಷ್ಯನೂ ಅವನ ಹಿಂದಿನ ಕಟ್ಟಡವೂ ಬೇರೆ ಬೇರೆ ಆಳದಲ್ಲಿ ನಿಂತಂತೆ ಕಾಣುತ್ತವೆ. ಒಳಗಿನ ಯಂತ್ರ ತಿರುಗಿದಂತೆ ಚಿತ್ರ ಪಕ್ಕದವರ ಮಸೂರಕ್ಕೆ ಸರಿಯುತ್ತದೆ, ನಮಗೆ ಮುಂದಿನದು ಬರುತ್ತದೆ. ಚಿತ್ರ ಚಲಿಸುವುದಿಲ್ಲ. ಆದರೆ ಅಪರಿಚಿತರು ಒಂದು ಕೋಣೆಯಲ್ಲಿ ಕೂತು ದೂರದೇಶ ನೋಡುವ ರೂಢಿ ಬೆಳೆದದ್ದು ಇಂಥ ಪೆಟ್ಟಿಗೆಗಳ ಸುತ್ತಲೇ.

ಪೋಸ್ಟರುಗಳದು ಬೇರೆಯೇ ಲೋಕ. ಯುದ್ಧದ ನಂತರ ಪೋಲೆಂಡಿನ ಸರ್ಕಾರಿ ವಿತರಣಾ ಸಂಸ್ಥೆ ನಾಯಕ ನಾಯಕಿಯರ ಮುಖಗಳ ಬದಲು ಚಿತ್ರಕಲಾವಿದರ ಕುಂಚವನ್ನು ನಂಬಿತು. ಹೆನ್ರಿಕ್ ತೊಮಾಷೆವ್‌ಸ್ಕಿ, ಯಾನ್ ಲೆನಿತ್ಸಾ, ವಾಲ್ದೆಮಾರ್ ಶ್ವೆಜಿ ಮುಂತಾದವರು ಹಾಲಿವುಡ್ ಚಿತ್ರಕ್ಕೂ ತಮ್ಮದೇ ರೂಪ ಕೊಟ್ಟರು. ಜಾಹೀರಾತಿಗೆಂದು ಗೋಡೆಗೆ ಅಂಟಿಸಿದ ಕಾಗದ ಹೀಗೆ ಕಲಾಕೃತಿಯೇ ಆದ ಉದಾಹರಣೆ ಜಗತ್ತಿನಲ್ಲಿ ವಿರಳ.

ಮಕ್ಕಳು ಓಡುವುದು ಅನಿಮೇಷನ್ ಕೋಣೆಗಳಿಗೆ. ವೂಚ್‌ನ ಸೆ-ಮಾ-ಫೋರ್ ಸ್ಟುಡಿಯೊದಲ್ಲಿ ಹುಟ್ಟಿದ ಮಿಶ್ ಉಷಾತೆಕ್, ಒಂದು ಕಿವಿ ಜೋತುಬಿದ್ದ ಕರಡಿಮರಿ, 1975ರಿಂದ 1987ರವರೆಗೆ ಕಿರುತೆರೆಯಲ್ಲಿ ಪೋಲಿಷ್ ಮಕ್ಕಳನ್ನು ಮಲಗಿಸಿತು. ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ಒಂದು ಕ್ಷಣದ ನಗೆಗೆ ಎಷ್ಟೋ ಹೊತ್ತಿನ ದುಡಿಮೆ. ಅದೇ ಸ್ಟುಡಿಯೊದಲ್ಲಿ ಜ್ಬಿಗ್ನ್ಯೆವ್ ರಿಪ್ಚಿನ್‌ಸ್ಕಿ ತಯಾರಿಸಿದ ‘ಟ್ಯಾಂಗೊ’ 1983ರಲ್ಲಿ ಆಸ್ಕರ್ ಪಡೆಯಿತು. ಒಂದೇ ಕೋಣೆಯಲ್ಲಿ 36 ಪಾತ್ರಗಳು, ಒಬ್ಬರಿಗೊಬ್ಬರು ತಾಗದೆ, ಮತ್ತೆ ಮತ್ತೆ ಬಂದು ಹೋಗುತ್ತವೆ. ಕಂಪ್ಯೂಟರಿನ ನೆರವಿಲ್ಲದೆ, ಪೂರ್ತಿ ಕೈಯಿಂದಲೇ ಮಾಡಿದ ಚಿತ್ರ. ಸೆ-ಮಾ-ಫೋರ್ ಇಂದು ಇಲ್ಲ. ವೊಂಕೋವಾ ಬೀದಿಯ ಸ್ಟುಡಿಯೊ 1989ರ ನಂತರದ ಹೊಸ ಅರ್ಥವ್ಯವಸ್ಥೆಯಲ್ಲಿ ತಾಳಲಾರದೆ ಮುಚ್ಚಿತು. ಗಿರಣಿಗಳೂ ಒಂದೊಂದಾಗಿ ನಿಂತವು. ಆದ್ದರಿಂದಲೇ ಮಹಲಿನ ಕೋಣೆಗಳಲ್ಲಿರುವ ವಸ್ತುಗಳ ಬೆಲೆ ಹೆಚ್ಚಿದೆ.

2017ರಲ್ಲಿ ಯುನೆಸ್ಕೊ ವೂಚ್ ಅನ್ನು ‘ಸಿನಿಮಾ ನಗರ’ಗಳ ಸಾಲಿಗೆ ಸೇರಿಸಿತು. 1907ರ ಹಳೆಯ ವಿದ್ಯುತ್ ಸ್ಥಾವರ ‘ಇಸಿ1’ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಸ್ಕೃತಿ ಕೇಂದ್ರವೂ ರೂಪುಗೊಂಡಿದೆ. ಅದು ವಿಶಾಲ, ಹೊಸದು, ಆಧುನಿಕ ತಂತ್ರಜ್ಞಾನದಿಂದ ಕೂಡಿದ್ದು. ಆದರೂ ಮೊದಲ ಸಲ ವೂಚ್‌ಗೆ ಹೋಗುವವರು ಶೈಬ್ಲರನ ಮಹಲಿನಿಂದಲೇ ಶುರು ಮಾಡುವುದು ಒಳ್ಳೆಯದು. ಅದಕ್ಕೂ ಮೊದಲು ‘ವಾಗ್ದತ್ತ ಭೂಮಿ’ಯನ್ನು ಒಮ್ಮೆ ನೋಡಿಕೊಂಡು ಹೋಗಬೇಕು.