ಕೆನಡಾದ ಲಾಕ್ ಆದ ಫೋನುಗಳು

ಕೆನಡಾಕ್ಕೆ ಹೊರಟ ಗೆಳೆಯರೆಲ್ಲ ನನ್ನನ್ನು ಕೇಳೋದು ಒಂದೇ: ಯಾವ ಪ್ಲಾನ್ ತಗೊಳ್ಳಲಿ? ಮೊದಲು ಹಳೇ ಕಥೆ ಕೇಳಿ ಅಂತೀನಿ. ಅಲ್ಲಿ ಸೆಲ್ ಫೋನ್ ಶುರುವಾಗಿದ್ದು 1985ರ ಜುಲೈ 1ರಂದು. ಕ್ರಮೇಣ ರೋಜರ್ಸ್, ಬೆಲ್, ಟೆಲಸ್ ಮೂರರದ್ದೇ ಕಾರುಬಾರಾಯಿತು. ಹ್ಯಾಂಡ್‌ಸೆಟ್ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಮೂರು ವರ್ಷದ ಕಾಂಟ್ರಾಕ್ಟು, ಬೇರೆ ಕಂಪನಿಯ ಸಿಮ್ ಹಾಕದಂತೆ ಲಾಕು. 2009ರ ಡಿಸೆಂಬರ್‌ನಲ್ಲಿ ವಿಂಡ್ ಮೊಬೈಲ್ ಕಾಂಟ್ರಾಕ್ಟ್ ಇಲ್ಲದ ಪ್ಲಾನ್ ತಂದಿತು. 2013ರ ಡಿಸೆಂಬರ್ 2ರಿಂದ ನಿಯಂತ್ರಕ ಸಂಸ್ಥೆ ಸಿಆರ್‌ಟಿಸಿಯ ವೈರ್‌ಲೆಸ್ ಕೋಡ್ ಬಂದು, ಎರಡು ವರ್ಷವಾದ ಮೇಲೆ ದಂಡವಿಲ್ಲದೆ ಬಿಡಬಹುದಾಯಿತು. 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನು ಲಾಕ್ ಇಲ್ಲದೆಯೇ ಮಾರಬೇಕಾಯಿತು. ಲಾಕ್ ಹೋಯಿತು, ಕಂತು ಹೋಗಲಿಲ್ಲ: ನಡುವೆ ಬಿಟ್ಟರೆ ಹ್ಯಾಂಡ್‌ಸೆಟ್ಟಿನ ಬಾಕಿ ಕಟ್ಟಲೇಬೇಕು. ಅದಕ್ಕೇ ಅಲ್ಲಿನ ಬ್ಯಾಂಡಿಗೆ ಹೊಂದುವ ಫೋನನ್ನು ಊರಿಂದಲೇ ಒಯ್ಯಿರಿ, ಅಲ್ಲಿ ಬರೀ ಸಿಮ್ ತಗೊಳ್ಳಿ.