ಕರಾವಳಿಯ ಕಾಲುದಾರಿ

ಮಾಘ ಮಾಸದ ಭಾರತ ಹುಣ್ಣಿಮೆಯು ಸಮೀಪಿಸಿತೆಂದರೆ, ಹಾರೂಗೇರಿಯ ಸುತ್ತಲಿನ ರಸ್ತೆಗಳಲ್ಲಿ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ ಹೊರಟ ಜನರ ಸಾಲು ಕಾಣಿಸಿಕೊಳ್ಳುವದು. ಚಕ್ಕಡಿಗಳಲ್ಲಿ ಬರುವವರುಂಟು, ಮೋಟಾರುಗಳಲ್ಲಿ ಬರುವವರುಂಟು; ಆದರೂ ಹರಕೆ ಹೊತ್ತು ಕಾಲ್ನಡಿಗೆಯಿಂದ ಬರುವವರ ಸಂಖ್ಯೆಯು ಇಂದಿಗೂ ಅಲ್ಪವಲ್ಲ. ಇವರಿಗೆ ಡಾಂಬರು ರಸ್ತೆಯ ಅಂಚಿನ ಮಣ್ಣೇ ಮಾರ್ಗವು. ಅದೇ ಹಂಗಾಮಿನಲ್ಲಿ ಕಾರಖಾನೆಗಳಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆಯುತ್ತ ಎದುರಾದಾಗ, ಆ ಮಣ್ಣನ್ನೂ ಬಿಟ್ಟು ಹೊಲದ ಬದುವಿಗೆ ಇಳಿಯಬೇಕಾಗುವದು. ನಡೆಯುವವನಿಗೆ ತನ್ನದೆಂಬ ಹಾದಿಯು ಇರಬೇಕೋ ಬೇಡವೋ ಎಂಬ ಈ ಪ್ರಶ್ನೆಯೇ ಈಚೆಗೆ ಕಡಲತೀರದ ಮಂಗಳೂರಿನಲ್ಲಿ ಬೇರೊಂದು ರೂಪದಿಂದ ತಲೆದೋರಿರುತ್ತದೆ. ಅಲ್ಲಿಯ ಯೋಜನೆಯನ್ನು ತಿಳಿಯಬೇಕಾದರೆ ಅದರ ಪೂರ್ವೇತಿಹಾಸವನ್ನು ತುಸು ಅವಲೋಕಿಸುವದು ಯುಕ್ತವು.

ಮಾರ್ಗಗಳ ವಿಷಯದಲ್ಲಿ ಪ್ರಾಚೀನರು ಉದಾಸೀನರಾಗಿರಲಿಲ್ಲ. ಮೈಸೂರಿನ ರುದ್ರಪಟ್ಟಣ ಶಾಮಾಶಾಸ್ತ್ರಿಗಳು 1905ರಲ್ಲಿ ತಾಳೆಯೋಲೆಗಳಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ದಾರಿಗಳ ಅಗಲವು ಒಂದೊಂದಾಗಿ ಹೇಳಲ್ಪಟ್ಟಿದೆ. ರಾಜಮಾರ್ಗಕ್ಕೆ ಎಂಟು ದಂಡ. ರಥಪಥಕ್ಕೆ ಐದು ಅರತ್ನಿ. ದನಗಳ ಹಾದಿಗೆ ನಾಲ್ಕು. ಮನುಷ್ಯರ ಹಾದಿಗೆ ಎರಡೇ ಅರತ್ನಿ. ಅರತ್ನಿಯೆಂದರೆ ಸುಮಾರು ಒಂದೂವರೆ ಅಡಿಯಾದ್ದರಿಂದ, ಮನುಷ್ಯನ ಪಾಲಿಗೆ ಬಂದುದು ಮೂರು ಅಡಿ. ಅದೂ ಅವನಿಗೇ ಮೀಸಲಾದುದಲ್ಲ, ಆಡು ಕುರಿಗಳೊಡನೆ ಹಂಚಿಕೊಳ್ಳತಕ್ಕದ್ದು! ಈ ಹಾದಿಯನ್ನು ತಡೆದವನಿಗೆ 12 ಪಣಗಳ ದಂಡ. ದೊಡ್ಡ ಪಶುಗಳ ಹಾದಿಯನ್ನು ತಡೆದರೆ 24. ಆನೆಗಳ ಮತ್ತು ಹೊಲಗಳ ಹಾದಿಯನ್ನು ತಡೆದರೆ 54. ಮನುಷ್ಯನ ಹಾದಿಗೆ ಎಲ್ಲಕ್ಕಿಂತ ಕಡಿಮೆ ಬೆಲೆಯೆಂಬುದನ್ನು ಕಂಡು ವಾಚಕರಿಗೆ ನಗು ಬಂದೀತು. ಆದರೆ ಅದಕ್ಕೊಂದು ಅಳತೆಯಿತ್ತು, ತಡೆದವನಿಗೊಂದು ಶಿಕ್ಷೆಯಿತ್ತು ಎಂಬುದು ಸಾಮಾನ್ಯ ಸಂಗತಿಯಲ್ಲ. ಮನುಸ್ಮೃತಿಯು ಯಾರಿಗೆ ದಾರಿ ಬಿಡಬೇಕೆಂಬುದನ್ನು ಎಣಿಸುವಾಗ ಬಂಡಿಯಲ್ಲಿ ಕುಳಿತವನನ್ನೇ ಮೊದಲು ಹೇಳುತ್ತದೆ, ದಿಟ. ಆದರೂ ಮುದುಕ, ರೋಗಿ, ಹೊರೆ ಹೊತ್ತವ, ಸ್ತ್ರೀ ಇವರೆಲ್ಲರನ್ನೂ ಅರಸನಿಗಿಂತ ಮುಂಚಿತವಾಗಿಯೇ ಹೆಸರಿಸುತ್ತದೆ. ಹೊರೆ ಹೊತ್ತವನ ಮಾತು ಮುಂದೆ ಬರಲಿಕ್ಕಿದೆ.

ಕರಾವಳಿಯಂತೂ ಬಹುಕಾಲದವರೆಗೆ ಕೇವಲ ಕಾಲ್ನಡಿಗೆಯ ನಾಡಾಗಿತ್ತು. 14ನೆಯ ಶತಮಾನದ ಮಧ್ಯಭಾಗದಲ್ಲಿ ಗೋವೆಯಿಂದ ಕೊಲ್ಲಮಿನವರೆಗಿನ ತೀರವನ್ನು ಕಂಡ ಇಬ್ನ್ ಬತೂತನು ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ವರ್ಣಿಸಿರುವನು. ಆತನ ಹೇಳಿಕೆಯ ಮೇರೆಗೆ, ಈ ದಾರಿಯು ಉದ್ದಕ್ಕೂ ಮರಗಳ ನೆರಳಿನಲ್ಲಿಯೇ ಸಾಗುತ್ತಿತ್ತು. ಅರ್ಧರ್ಧ ಮೈಲಿಗೆ ಕಟ್ಟಿಗೆಯ ಮನೆ, ಅದರಲ್ಲಿ ದಾರಿಗರು ಕುಳಿತುಕೊಳ್ಳಲು ಜಗಲಿ, ಹತ್ತಿರ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ಕುದುರೆಯೇರುವವನು ಅರಸನೊಬ್ಬನೇ. ಸಿರಿವಂತರು ಪಲ್ಲಕ್ಕಿಗಳಲ್ಲಿ ಕುಳಿತು ಆಳುಗಳ ಹೆಗಲ ಮೇಲೆ ಹೋಗುವರು. ವ್ಯಾಪಾರಿಗಳ ಸರಕನ್ನು ಕೂಲಿಯವರು ಬೆನ್ನ ಮೇಲೆ ಹೊರುವರು. ಅಶೋಕನ ಶಾಸನಗಳಲ್ಲಿ ಹೇಳಿದ ಆಲದ ಮರಗಳೂ ಬಾವಿಗಳೂ, ಕನ್ನಡ ನಾಡಿನ ಅರವಟ್ಟಿಗೆಗಳೂ ಇದೇ ಜಾತಿಯ ಧರ್ಮಕಾರ್ಯಗಳು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ನೆರಳು, ನೀರು, ಕುಳಿತುಕೊಳ್ಳಲು ಜಗಲಿ ಇವು ವಿಹಾರಾರ್ಥವಾಗಿ ನಡೆಯುವವನಿಗಾಗಿ ಆದ ಏರ್ಪಾಡಲ್ಲ. ನಡೆಯದೆ ಗತಿಯಿಲ್ಲದವನಿಗಾಗಿ ಆದವು.

ವಿಹಾರದ ಹಾದಿಗೆ ಇತಿಹಾಸವು ಬೇರೆಯೇ ಇದೆ. ಭೂಮಧ್ಯ ಸಮುದ್ರದ ತೀರದ ನೀಸ್ ಪಟ್ಟಣಕ್ಕೆ ಚಳಿಗಾಲವನ್ನು ಕಳೆಯಲು ಇಂಗ್ಲಿಷರು ಬರುತ್ತಿದ್ದರು. 1820ರ ನಂತರದ ವರ್ಷಗಳಲ್ಲಿ, ಬೆಳೆ ಕೆಟ್ಟು ಬಡವರು ಭಿಕ್ಷೆಗಿಳಿದಾಗ, ಲೂಯಿಸ್ ವೇ ಎಂಬ ಪಾದ್ರಿಯು ಸ್ವದೇಶಸ್ಥರಿಂದ ವಂತಿಗೆ ಕೂಡಿಸಿ, ಆ ಬಡವರ ಕೈಯಿಂದ ಕಡಲಂಚಿಗೆ ಕಿರಿದಾದ ಕಾಲುದಾರಿಯೊಂದನ್ನು ಮಾಡಿಸಿದನು. ಜನರು ಅದನ್ನು ಇಂಗ್ಲಿಷರ ದಾರಿಯೆಂದರು. ಅದು ಬರಬರುತ್ತ ಹಿಗ್ಗಿ ಜಗತ್ಪ್ರಸಿದ್ಧವಾಯಿತು. ಆದರೆ ಹಿಗ್ಗಿದ ಭಾಗದಲ್ಲಿ ಇಂದು ಮೋಟಾರುಗಳೇ ಓಡುತ್ತವೆ. ಕಾಲುದಾರಿಯನ್ನು ಅಗಲ ಮಾಡುವವರೆಲ್ಲರೂ ನೆನಪಿಡತಕ್ಕ ದೃಷ್ಟಾಂತವಿದು.

ಈಗ ಮಂಗಳೂರಿನ ಮಾತು. ನೇತ್ರಾವತಿ, ಗುರುಪುರ ನದಿಗಳೆರಡೂ ಅಲ್ಲಿ ಒಂದೇ ಅಳಿವೆಯಲ್ಲಿ ಕಡಲು ಸೇರುವವು. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರಖಾನೆಯನ್ನು ನದಿಯ ದಂಡೆಯಲ್ಲಿ ತೆರೆದರು. ಜೇಡಿಮಣ್ಣು, ಕಟ್ಟಿಗೆ ಎಲ್ಲವೂ ದೋಣಿಯಿಂದಲೇ ಬರಬೇಕಾಗಿದ್ದುದರಿಂದ ಅನ್ಯ ಕಾರಖಾನೆಗಳೂ ಅಲ್ಲಿಯೇ ನೆಲೆಸಿದವು. 1907ರಲ್ಲಿ ಉಗಿಬಂಡಿಯು ನೇತ್ರಾವತಿಯನ್ನು ದಾಟಿ ಊರಿಗೆ ಬಂದಿತು. 1974ರಲ್ಲಿ ಪಣಂಬೂರಿನ ಹೊಸ ಬಂದರವು ಮಹಾಬಂದರವೆಂದು ಘೋಷಿತವಾದ ಮೇಲೆ ದೊಡ್ಡ ವ್ಯಾಪಾರವು ನದಿಯನ್ನು ಬಿಟ್ಟು ಅತ್ತ ಸರಿಯಿತು. ಹಂಚಿನ ಉದ್ಯೋಗವೂ ಕ್ಷೀಣಿಸಿತು. ಊರು ನದಿಗೆ ಬೆನ್ನು ತಿರುಗಿಸಿತು. ಬೋಳಾರ, ಹೊಯಿಗೆ ಬಜಾರಗಳ ಕಡೆಗೆ ಮೀನುಗಾರರೂ ದೋಣಿ ಕಟ್ಟುವವರೂ ಮಾತ್ರ ನೀರಿನೊಡನೆ ಸಂಬಂಧವನ್ನು ಉಳಿಸಿಕೊಂಡರು.

2015ರಲ್ಲಿ ಆರಂಭವಾಗಿ 2025ರ ಮಾರ್ಚಿಗೆ ಮುಗಿದ ಸ್ಮಾರ್ಟ್ ಸಿಟಿ ಯೋಜನೆಗೆ ಬೆಳಗಾವಿಯು 2016ರ ಜನೇವರಿಯಲ್ಲಿಯೂ, ಮಂಗಳೂರು ಮತ್ತು ಹುಬ್ಬಳ್ಳಿ-ಧಾರವಾಡಗಳು ಅದೇ ವರ್ಷದ ಸಪ್ಟಂಬರದಲ್ಲಿಯೂ ಆಯ್ಕೆಯಾದವು. ಇದರ ಅಂಗವಾಗಿ ಮಂಗಳೂರಿನಲ್ಲಿ ನೇತ್ರಾವತಿಯ ರೈಲ್ವೆ ಸೇತುವೆಯ ಕಡೆಯಿಂದ ಬೋಳಾರದ ದಿಕ್ಕಿಗೆ, ದಂಡೆಗುಂಟ ಸುಮಾರು 2 ಕಿಲೋಮೀಟರು ಉದ್ದದ ನಡಿಗೆಯ ಮತ್ತು ಸೈಕಲ್ಲಿನ ಪಥವನ್ನು ರಚಿಸುವ ಕೆಲಸವು ಕೈಕೊಳ್ಳಲ್ಪಟ್ಟಿತು. ಊರು ನದಿಗೆ ಮತ್ತೆ ಮುಖ ತಿರುಗಿಸಲಿ ಎಂಬುದು ಇದರ ಆಶಯವು. ಆಶಯದಲ್ಲಿ ದೋಷವಿಲ್ಲ. ಆದರೆ ಪರಿಸರಾಭಿಮಾನಿಗಳಿಂದ ಆಕ್ಷೇಪಣೆಗಳು ಬಂದವು: ದಂಡೆಗೆ ಮಣ್ಣು ತುಂಬಿದರೆ ಕಾಂಡ್ಲಾ ಗಿಡಗಳು ಅಳಿಯುವವು, 1991ರಿಂದ ಜಾರಿಯಲ್ಲಿದ್ದು 2011ರಲ್ಲಿಯೂ 2019ರಲ್ಲಿಯೂ ಹೊಸದಾಗಿ ಹೊರಟ ಕರಾವಳಿ ನಿಯಂತ್ರಣ ವಲಯದ ನಿಯಮಗಳಿಗೆ ಭಂಗ ಬರುವದು, ಎಂದು. ಈ ಗಿಡಗಳು ಬೇರುಗಳಿಂದ ದಂಡೆಯನ್ನು ಹಿಡಿದು, ಮೀನಿನ ಮರಿಗಳಿಗೆ ಆಶ್ರಯವಾಗಿರುವಂಥವು. ನೇತ್ರಾವತಿಯೂ ಸಾಧುವಾದ ನದಿಯಲ್ಲ. 1923ರ ನೆರೆಯನ್ನೂ 1974ರ ನೆರೆಯನ್ನೂ ಬಂಟವಾಳದ ಕಡೆಯವರು ಮರೆತಿಲ್ಲ. ಉಬ್ಬರದ ನೀರಿಗೂ ನೆರೆಯ ನೀರಿಗೂ ಎಡೆಗೊಡದ ಗೋಡೆಯ ಮೇಲೆ ಹಾದಿ ಮಾಡಿದರೆ, ನೀರು ತನ್ನ ಹಾದಿಯನ್ನು ಬೇರೊಬ್ಬರ ಅಂಗಳದಲ್ಲಿ ಹುಡುಕುವದು.

ಇದಕ್ಕಿಂತಲೂ ಹಿರಿದಾದ ಪ್ರಶ್ನೆಯೊಂದಿದೆ. ಮುಂಜಾನೆ ವಾಯುಸೇವನೆಗೆ ಬರುವವನಿಗೆ ದಂಡೆಯು ನೋಟ. ಬುಟ್ಟಿ ಹೊತ್ತು ಮೀನು ಮಾರಲು ಹೊರಟ ಹೆಂಗಸಿಗೆ ಅದು ದಾರಿ. ದೋಣಿಯನ್ನು ಎಳೆದಿಡುವವನಿಗೆ ಅದು ಅಂಗಳ. ನಕ್ಷೆಯಲ್ಲಿ ಮೊದಲನೆಯವನಿಗೆ ಕಲ್ಲುಹಾಸು, ದೀಪ, ಆಸನಗಳು ಬರುವವು. ಉಳಿದಿಬ್ಬರಿಗೆ ನೀರಿಗಿಳಿಯುವ ಇಳಿಜಾರು, ಬುಟ್ಟಿಯಿಳಿಸಲು ಕಟ್ಟೆ, ನೆರಳಿಗೊಂದು ಮರ ಬಂದರೆ ಮಾತ್ರ ಅದು ಇಬ್ನ್ ಬತೂತನು ಕಂಡ ದಾರಿಯ ವಂಶಕ್ಕೆ ಸೇರುವದು. ಇಲ್ಲವಾದರೆ ನೀಸಿನ ವಂಶಕ್ಕೆ.

ಸೈಕಲ್ಲಿನ ವಿಷಯವು ಸಂಕ್ಷಿಪ್ತವಾದುದು. ಇಂದಿನ ಆಕಾರದ ಸೈಕಲ್ಲನ್ನು 1885ರಲ್ಲಿ ಇಂಗ್ಲಂಡದ ಕಾವೆಂಟ್ರಿಯ ಸ್ಟಾರ್ಲಿಯೂ, ಗಾಳಿ ತುಂಬಿದ ಟೈರನ್ನು 1888ರಲ್ಲಿ ಡನ್‌ಲಪ್ಪನೂ ರೂಢಿಗೆ ತಂದರು. ಸೈಕಲ್ಲಿಗೆ ತೆರಿಗೆ ಕೊಟ್ಟು ಬಿಲ್ಲೆ ಕಟ್ಟಿಕೊಂಡು, ಕತ್ತಲಾದರೆ ದೀಪ ಹಚ್ಚಿಕೊಂಡು ಹೋಗಬೇಕಾಗಿದ್ದ ಕಾಲವೊಂದಿತ್ತು. ಆಗ ತೆರಿಗೆಯಿತ್ತು, ಹಾದಿಯಿರಲಿಲ್ಲ. ಕರ್ನಾಟಕ ಸರಕಾರವು 2006-07ರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿದಾಗಲೂ ಅವು ಓಡಿದ್ದು ಲಾರಿಗಳ ಮಗ್ಗುಲಲ್ಲಿಯೇ. ಮೈಸೂರಿನಲ್ಲಿ 2017ರಲ್ಲಿ ಬಾಡಿಗೆ ಸೈಕಲ್ಲುಗಳ ಸಾರ್ವಜನಿಕ ವ್ಯವಸ್ಥೆಯು ಆರಂಭವಾಯಿತು. ಹುಬ್ಬಳ್ಳಿಯಲ್ಲಿ ಉಣಕಲ್ಲ ನಾಲೆಯ ದಂಡೆಗುಂಟ ನಡಿಗೆಯ ಹಾಗೂ ಸೈಕಲ್ಲಿನ ಹಸಿರು ಪಥದ ಯೋಜನೆಯು, 2018ರಲ್ಲಿ ಘೋಷಿತವಾದ ಸ್ಪರ್ಧೆಯೊಂದರಲ್ಲಿ ದೇಶದ ಹನ್ನೆರಡು ಯೋಜನೆಗಳಲ್ಲೊಂದಾಗಿ ಆಯ್ಕೆಯಾಗಿ ಫ್ರೆಂಚರ ನೆರವನ್ನು ಪಡೆಯಿತು.

ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ನಿಯಮದ ಮೇರೆಗೆ ಪಾದಚಾರಿ ಮಾರ್ಗದಲ್ಲಿ ತಡೆಯಿಲ್ಲದ ಅಗಲವು 1.8 ಮೀಟರಿಗೆ ಕಡಿಮೆಯಿರಕೂಡದು. ಲೆಕ್ಕ ಹಾಕಿದರೆ ಇದು ಕೌಟಿಲ್ಯನ ಎರಡು ಅರತ್ನಿಗಳ ಸರಿಯಾದ ಇಮ್ಮಡಿಯು; ಎದುರುಬದಿರಾದ ಇಬ್ಬರು ಒಬ್ಬರನ್ನೊಬ್ಬರು ತಾಗದೆ ದಾಟಬಹುದು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ತಡೆಯಿಲ್ಲದ ಪಾದಚಾರಿ ಮಾರ್ಗವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಹೇಳಿ, ಅಂಗವಿಕಲರಿಗೂ ಅನುಕೂಲವಾಗುವಂತೆ ಮಾರ್ಗಸೂಚಿಗಳನ್ನು ಮಾಡಬೇಕೆಂದು ರಾಜ್ಯಗಳಿಗೆ ಅಪ್ಪಣೆ ಮಾಡಿತು. ಮಂಗಳೂರಿನ ದಂಡೆಯಲ್ಲಿ ಬುಟ್ಟಿ ಹೊತ್ತವಳು ಇದನ್ನು ಮುಂದಿಟ್ಟು ತನ್ನ ದಾರಿಯನ್ನು ಕೇಳಬಹುದು. ಚಿಂಚಲಿಗೆ ನಡೆಯುವವನ ಹಾದಿಗೆ ಪಟ್ಟಣದ ಪಾದಚಾರಿ ಮಾರ್ಗವೆಂಬ ಹೆಸರಿಲ್ಲ. ಅದು ರಸ್ತೆಯ ಅಂಚು ಮಾತ್ರ. ಆ ಅಂಚಿನ ಮೇಲೆ, ಕಬ್ಬಿನ ಟ್ರೇಲರು ದಾಟಿಹೋಗುವವರೆಗೆ, ಅವನು ಬದುವಿನಲ್ಲಿ ನಿಂತು ಕಾಯುವನು.