ಸೊಕ್ಕೆ ಸೀಮೆಯಲ್ಲಿ ಕೂಸಿನ ಮೊದಲ ತುತ್ತು

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಸೊಕ್ಕೆ 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅದಕ್ಕೂ ಹಿಂದೆ ಈ ಸೀಮೆ ಮೈಸೂರು ಸಂಸ್ಥಾನದ ಉತ್ತರದ ಅಂಚಿನಲ್ಲಿದ್ದು, ಆಚೆಗಿನ ಬಳ್ಳಾರಿ ಸೀಮೆ 1953ರವರೆಗೂ ಮದರಾಸಿನ ಆಡಳಿತದಲ್ಲಿತ್ತು. ದಕ್ಷಿಣದ ರಾಗಿ ಮತ್ತು ಉತ್ತರದ ಜೋಳ ಒಂದೇ ಊರಿನ ಹೊಲಗಳಲ್ಲಿ ಬೆಳೆಯುವ, ನವಣೆಗೂ ಸಜ್ಜೆಗೂ ಜಾಗವಿರುವ, ಕಾಲುವೆಯ ನೀರಿನ ಆಸರೆಯಿಲ್ಲದೆ ಬಹುಕಾಲ ಮಳೆಯೊಂದನ್ನೇ ನಂಬಿಕೊಂಡಿದ್ದ ಇಂಥ ನೆಲದಲ್ಲಿ, ಎದೆಹಾಲು ಕುಡಿಯುವ ಕೂಸಿಗೆ ಮೊದಲ ಬಾರಿಗೆ ಏನನ್ನು ಉಣಿಸಬೇಕು ಎಂಬ ಪ್ರಶ್ನೆ ಬೇಸಾಯದ ಚರಿತ್ರೆಯಿಂದ ಬೇರೆಯಾಗಿ ನಿಲ್ಲುವುದಿಲ್ಲ.

ಬಯಲುಸೀಮೆಯಲ್ಲಿ ಆ ಪ್ರಶ್ನೆಗೆ ದೊರೆತ ಉತ್ತರ ರಾಗಿ ಸರಿ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ನಯವಾದ ಹಿಟ್ಟನ್ನು ನೀರಿನಲ್ಲಿ ಅಥವಾ ಹಾಲು ಬೆರೆತ ನೀರಿನಲ್ಲಿ ಕಾಯಿಸಿದ ಹದವಾದ ಗಂಜಿಯೇ ಸರಿ. ಅದಕ್ಕೆಂದು ಮಾಡಿಟ್ಟುಕೊಳ್ಳುವ ಹಿಟ್ಟು ಸರಿಹಿಟ್ಟು. ಜೋಳದ ಗಂಜಿ, ಬೆಂದ ಬೇಳೆಯ ತಿಳಿಯಾದ ಬೇಳೆಕಟ್ಟು, ಮೆತ್ತಗೆ ಬೇಯಿಸಿ ಕಿವುಚಿದ ಅನ್ನ, ಬಾಳೆಹಣ್ಣು ಇವೆಲ್ಲ ಇದ್ದರೂ ರಾಗಿಗೆ ಅಗ್ರಸ್ಥಾನ ಸಿಕ್ಕಿದ್ದಕ್ಕೆ ರುಚಿಗಿಂತ ಮುಖ್ಯವಾದ ಕಾರಣವೊಂದಿತ್ತು. ರಾಗಿಯ ಕಾಳು ಸಣ್ಣದು, ಗಟ್ಟಿಯಾದುದು, ಹುಳುವಿಗೆ ಸುಲಭವಾಗಿ ತುತ್ತಾಗುವುದಿಲ್ಲ. ನೆಲದೊಳಗೆ ತೋಡಿ, ಹುಲ್ಲು ಹಾಸಿ, ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣಿನಿಂದ ಮುಚ್ಚುತ್ತಿದ್ದ ಕಣಜಕ್ಕೆ ಹಗೇವು ಎಂದು ಹೆಸರು. ಅಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಒಳಗೆ ಕೆಟ್ಟ ಗಾಳಿ ತುಂಬಿರುತ್ತಿದ್ದುದರಿಂದ ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಮಳೆ ಹೋದ ವರ್ಷದಲ್ಲಿ ಹುಟ್ಟಿದ ಮಗುವಿಗೂ ಮಳೆ ಬಂದ ವರ್ಷದ ಕಾಳು ಸಿಗುವಂತೆ ಮಾಡುತ್ತಿದ್ದುದು ಈ ಕತ್ತಲ ಗುಳಿಯೇ.

ಆ ವ್ಯವಸ್ಥೆಗೂ ಮಿತಿಯಿತ್ತು. 1876–78ರ ಬರದ ಎರಡೂ ಪಕ್ಕದ ಜನಗಣತಿಗಳನ್ನು ಹೋಲಿಸಿದರೆ, 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿರುವುದು ಕಾಣುತ್ತದೆ. ಹಗೇವು ಬರಿದಾದ ಮನೆಯಲ್ಲಿ ತಾಯಿಯ ಹಾಲೂ ಬತ್ತುತ್ತದೆ, ಕೂಸಿನ ಗಂಜಿಯೂ ನಿಲ್ಲುತ್ತದೆ ಎಂಬುದನ್ನು ನೆನೆದರೆ, ಆ ಅಂಕಿಗಳೊಳಗೆ ಹಸುಗೂಸುಗಳ ಪಾಲು ಎಷ್ಟು ಭಾರವಾಗಿದ್ದಿರಬೇಕು ಎಂಬುದನ್ನು ಊಹಿಸುವುದೂ ಕಷ್ಟ.

ಸರಿಹಿಟ್ಟಿನ ತಯಾರಿ ದಿನಗಟ್ಟಲೆಯ ಕೆಲಸ. ಕಲ್ಲು ಆರಿಸಿ, ಹಲವು ನೀರಿನಲ್ಲಿ ತೊಳೆದ ರಾಗಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಆಗಾಗ ನೀರು ಚಿಮುಕಿಸುತ್ತ ಒಂದೆರಡು ದಿನ ಬಿಟ್ಟರೆ ಬಿಳಿಯ ಎಳೆ ಮೊಳಕೆ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ಅದನ್ನು ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಕೇರಿ, ಹದವಾಗಿ ಬೆಚ್ಚಗೆ ಮಾಡಿ, ಬೀಸುಕಲ್ಲಿಗೆ ಹಾಕಬೇಕು. ಕೊನೆಯ ಹಂತ ವಸ್ತ್ರಗಾಳಿತ, ಅಂದರೆ ಜರಡಿಯ ಬದಲು ಬಟ್ಟೆಯಲ್ಲಿ ಸೋಸುವುದು: ಪಾತ್ರೆಯ ಬಾಯಿಗೆ ತೆಳುವಾದ ಬಿಳಿ ಬಟ್ಟೆಯನ್ನು ಬಿಗಿದು, ಮೇಲೆ ಹಿಟ್ಟು ಸುರಿದು, ಅಂಗೈಯನ್ನು ಸುತ್ತ ಆಡಿಸುತ್ತ ಹೋದರೆ ನುಣುಪಾದ ಹಿಟ್ಟು ಕೆಳಗೆ ಇಳಿದು, ಕಂದು ಬಣ್ಣದ ತೌಡು ಬಟ್ಟೆಯ ಮೇಲೆ ಉಳಿಯುತ್ತದೆ. ಈ ಇಡೀ ಕೆಲಸ ಮನೆಯ ಹಿರಿಯ ಹೆಂಗಸರ ಪಾಲಿಗೆ ಬರುತ್ತಿದ್ದು, ಅತ್ತೆಯಿಂದ ಸೊಸೆಗೆ ಕೈಯ ಹದವಾಗಿಯೇ ಸಾಗಿಬಂದಿತು.

ಮೊಳಕೆ ಕಟ್ಟುವುದರ ಮಹತ್ವವನ್ನು ಆಹಾರವಿಜ್ಞಾನ ಬಹಳ ತಡವಾಗಿ ವಿವರಿಸಿತು. ಯಾವುದೇ ಧಾನ್ಯದ ಹಿಟ್ಟನ್ನು ಕುದಿಸಿದಾಗ ಅದರ ಪಿಷ್ಟ ನೀರು ಹೀರಿ ಉಬ್ಬುತ್ತದೆ. ಮಗು ನುಂಗುವಷ್ಟು ತೆಳ್ಳಗೆ ಮಾಡಿದರೆ ಗಂಜಿಯಲ್ಲಿ ನೀರೇ ಹೆಚ್ಚಾಗಿ ಪುಟ್ಟ ಹೊಟ್ಟೆ ಬಲವಿಲ್ಲದೆ ತುಂಬುತ್ತದೆ, ಬಲ ಸಾಲಲೆಂದು ಹಿಟ್ಟು ಹೆಚ್ಚಿಸಿದರೆ ಗಂಟಲಿಗೆ ಇಳಿಯುವುದಿಲ್ಲ. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ತುಂಡರಿಸುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಸಿಕಾಚಾರ್ ಅವರು ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ಕುರಿತ ಸಂಶೋಧನೆಯನ್ನು 1982ರಲ್ಲಿ ಪ್ರಕಟಿಸಿದಾಗ ಅದರ ತಿರುಳು ಇದೇ ಆಗಿತ್ತು. ಜರ್ಮನಿಯ ರಸಾಯನವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ 1860ರ ದಶಕದಲ್ಲಿ ಮೊಳಕೆ ಧಾನ್ಯ, ಗೋಧಿಹಿಟ್ಟು ಮತ್ತು ಹಾಲು ಸೇರಿಸಿ ರೂಪಿಸಿದ ಶಿಶು ಆಹಾರವೂ ಈ ತತ್ತ್ವವನ್ನೇ ನೆಚ್ಚಿತ್ತು. ಪ್ರಯೋಗಾಲಯವನ್ನು ಕಾಣದ ಹೆಂಗಸರು ತಾವಾಗಿಯೇ ಈ ವಿಧಾನವನ್ನು ರೂಢಿಸಿಕೊಂಡದ್ದು ಕನ್ನಡ ನಾಡಿನ ಅಡುಗೆಯ ಚರಿತ್ರೆಯಲ್ಲಿ ಹೆಮ್ಮೆಯಿಂದ ದಾಖಲಾಗಬೇಕಾದ ಸಂಗತಿ.

ಸರಿಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಾಗದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತ ಹಸಿ ವಾಸನೆ ಹೋಗುವವರೆಗೆ ಕಾಯಿಸಬೇಕೆಂಬ ಕಟ್ಟಳೆಗೂ ಅರ್ಥವಿದೆ: ನಿಧಾನವಾಗಿ ಬಿಸಿಯೇರುವಾಗ ಕಿಣ್ವಕ್ಕೆ ಕೆಲಸ ಮಾಡಲು ಅವಕಾಶ ಸಿಗುತ್ತದೆ, ಕುದಿಯುವ ನೀರಿಗೆ ಹಿಟ್ಟು ಸುರಿದರೆ ಕಿಣ್ವ ಆ ಕ್ಷಣದಲ್ಲೇ ನಾಶವಾಗುತ್ತದೆ. ಕಾಳನ್ನು ಕಡುವಾಗಿ ಹುರಿಯಬಾರದೆಂಬುದಕ್ಕೂ ಕಾರಣ ಇದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದ್ದು, ಅಕ್ಕಿಯಲ್ಲಿ ಅದು ತೀರ ಕಡಿಮೆ. ಸೋಸುವಾಗ ತೌಡಿನೊಡನೆ ಆ ಸುಣ್ಣದಂಶದ ಒಂದು ಭಾಗ ಹೋಗುವುದು ನಿಜವಾದರೂ, ಕಬ್ಬಿಣದಂಶ ಮೈಗೂಡುವುದನ್ನು ತಡೆಯುವ ಸಿಪ್ಪೆಯ ಒಗರು ಪದಾರ್ಥಗಳೂ ಅದರೊಡನೆ ಕಡಿಮೆಯಾಗುತ್ತವೆ.

ಸರಿಯನ್ನು ಉಣಿಸಲು ಬಳಸುತ್ತಿದ್ದುದು ಒಳಲೆ, ಅಂದರೆ ಒಂದು ಕಡೆ ಕೊಕ್ಕಿನಂತೆ ಚಾಚಿದ ಬಾಯಿಯುಳ್ಳ, ಬೆಳ್ಳಿಯ ಅಥವಾ ಹಿತ್ತಾಳೆಯ ಪುಟ್ಟ ಪಾತ್ರೆ. ತೊಳೆಯಲು ಸುಲಭವಾದ್ದರಿಂದ ಅದು ಬಾಟಲಿಗಿಂತ ಶುಚಿಯಾದುದು. ಆದರೆ ಕೂಸನ್ನು ಕಾಲ ಮೇಲೆ ಮಲಗಿಸಿ, ಅಳುವ ಬಾಯಿಗೆ ಸುರಿಯುವ ರೂಢಿಯಲ್ಲಿ ಗಂಜಿ ಶ್ವಾಸನಾಳಕ್ಕೆ ಇಳಿಯುವ ಅಪಾಯವಿತ್ತು. ಹಳೆಯದೆಂಬ ಕಾರಣಕ್ಕೆ ಆ ಪದ್ಧತಿಯನ್ನು ಸಮರ್ಥಿಸಲಾಗದು. ಮಗುವನ್ನು ಕೂರಿಸಿ ಚಮಚದಲ್ಲಿ ಉಣಿಸಬೇಕೆಂಬ ಇಂದಿನ ವೈದ್ಯರ ಸಲಹೆಯೇ ಸರಿಯಾದುದು.

ಯಾವ ತಿಂಗಳಲ್ಲಿ ಆರಂಭಿಸಬೇಕೆಂಬುದರ ಬಗ್ಗೆ ಹಳೆಯ ಗ್ರಂಥಗಳು ಒಂದೇ ಮಾತು ಹೇಳುವುದಿಲ್ಲ. ಗೃಹ್ಯಸೂತ್ರಗಳು ಆರನೆಯ ತಿಂಗಳಲ್ಲಿ ಅನ್ನಪ್ರಾಶನವನ್ನು, ಅಂದರೆ ಮೊದಲ ಅನ್ನ ಉಣಿಸುವ ಸಂಸ್ಕಾರವನ್ನು ವಿಧಿಸಿದರೆ, ಮಕ್ಕಳ ಚಿಕಿತ್ಸೆಗೆ ಮೀಸಲಾದ ಕಾಶ್ಯಪಸಂಹಿತೆ ಆರನೆಯ ತಿಂಗಳಲ್ಲಿ ಹಣ್ಣಿನ ಪ್ರಾಶನವನ್ನು ಹೇಳಿ ಅನ್ನವನ್ನು ಹತ್ತನೆಯ ತಿಂಗಳಿಗೆ ಮುಂದೂಡುತ್ತದೆ. ಶಾಸ್ತ್ರದ ಹಂಗಿಲ್ಲದ ಮನೆಗಳಲ್ಲಿ ಮನೆದೇವರ ಸನ್ನಿಧಿಯಲ್ಲಿ ಮೊದಲ ತುತ್ತು ಕೊಡುವುದಿತ್ತು. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕೆಂಬ ನಿಲುವನ್ನು ವಿಶ್ವ ಆರೋಗ್ಯ ಸಭೆ 2001ರಲ್ಲಿ ಅಂಗೀಕರಿಸಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡಬ್ಬಿಯ ಆಹಾರ ಬಂದಿತು. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿಕೊಟ್ಟದ್ದೂ ಮೈಸೂರಿನ ಅದೇ ಸಂಶೋಧನಾಲಯ. ಡಬ್ಬಿಗಳ ಪ್ರಚಾರ ಎದೆಹಾಲನ್ನೇ ಹಿಂದಕ್ಕೆ ತಳ್ಳತೊಡಗಿದಾಗ ಅದಕ್ಕೆ ಕಡಿವಾಣ ಹಾಕಲು 1992ರಲ್ಲಿ ಕೇಂದ್ರ ಕಾಯಿದೆ ಬೇಕಾಯಿತು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೊದಲ ಕೇಂದ್ರಗಳಲ್ಲಿ ಕರ್ನಾಟಕದ ತಿ. ನರಸೀಪುರವೂ ಒಂದು, ಮುಂದೆ ಅಂಗನವಾಡಿಗಳು ಹಳ್ಳಿಹಳ್ಳಿಗೂ ಬಂದು, ಆರು ತಿಂಗಳು ದಾಟಿದ ಮಕ್ಕಳಿಗೆ ಪೌಷ್ಟಿಕ ಪುಡಿ ಮನೆಗೇ ಸಿಗುವಂತಾಯಿತು.

ಇದಕ್ಕಿಂತ ದೊಡ್ಡ ಪಲ್ಲಟ ಹೊಲದಲ್ಲಿ ನಡೆಯಿತು. ಕೆಲವೇ ದಶಕಗಳಲ್ಲಿ ಮೆಕ್ಕೆಜೋಳ ದಾವಣಗೆರೆ ಜಿಲ್ಲೆಯ ಮುಖ್ಯ ಬೆಳೆಯಾಗಿ, ಅದರ ಬಹುಪಾಲು ಕೋಳಿ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುತ್ತದೆ. ಅಡುಗೆಮನೆಯೂ ಬದಲಾಗಿದೆ: ಕ್ಯಾರೆಟ್, ಸಿಹಿಗುಂಬಳ, ಸೇಬು ಬೇಯಿಸಿ ಮಿಕ್ಸಿಯಲ್ಲಿ ರುಬ್ಬಿ ಪ್ಯೂರಿ ಮಾಡುವುದು ಈಗ ನಿಮಿಷಗಳ ಕೆಲಸ, ಅದು ಒಳ್ಳೆಯದೇ. ರಾಗಿ ಸರಿಗೆ ತರಕಾರಿಯ ಜೊತೆ ಸಿಕ್ಕಿದ್ದು ಕೂಸಿಗೆ ಲಾಭ. ಆದರೆ ಸರಿಹಿಟ್ಟಿಗೆ ಬೇಕಾದ ರಾಗಿಯನ್ನು ಬೆಳೆಯುತ್ತಿದ್ದ ಮನೆಯೇ ಈಗ ಕೊಳ್ಳುವ ಮನೆಯಾಗಿದೆ. ಪೊಟ್ಟಣದಲ್ಲಿರುವುದು ಮೊಳಕೆ ಕಟ್ಟಿದ ಹಿಟ್ಟೋ ಬರಿಯ ಹುರಿದ ಹಿಟ್ಟೋ ಎಂಬುದು ನೋಟಕ್ಕೆ ತಿಳಿಯುವುದಿಲ್ಲ. ಒಂದೇ ಅಳತೆಯ ನೀರಿನಲ್ಲಿ ಎರಡನ್ನೂ ಕಾಯಿಸಿದರೆ, ಹುರಿದದ್ದು ಬೇಗ ಗಟ್ಟಿಯಾಗಿ ಮುದ್ದೆಗಟ್ಟುತ್ತದೆ, ಮೊಳಕೆಯದು ಚಮಚದಿಂದ ಹರಿದು ಬೀಳುತ್ತದೆ.